ವಿನೋ ಅಂದ್ರೆ ಆರಿಸೋದಲ್ಲ, ತೂರೋದು: ಒಂದು ಅಪರೂಪದ ಇಂಗ್ಲಿಷ್ ಕ್ರಿಯಾಪದವನ್ನು ಬಳಸುವ ಬಗೆ

ಕೆಲಸಕ್ಕೆ ಸೇರಿ ಎರಡನೇ ವರ್ಷ ಇರಬೇಕು. ತಂಡಕ್ಕೆ ಹೊಸಬರು ಬೇಕಿತ್ತು, 40 ಅರ್ಜಿ ಬಂದಿದ್ದವು. ಎರಡು ರಾತ್ರಿ ಕೂತು ಎಲ್ಲವನ್ನೂ ಓದಿದೆ. ಚೆನ್ನಾಗಿದ್ದ 5 ಜನರನ್ನು ಆರಿಸಿ, ಹೊರದೇಶದಲ್ಲಿದ್ದ ಮ್ಯಾನೇಜರ್‌ಗೆ ಮೇಲ್ ಹಾಕಿದೆ. ಸುಮ್ನೆ 'ಸೆಲೆಕ್ಟ್' ಅಂತ ಬರೆದಿದ್ದರೆ ಮುಗಿದಿತ್ತು. ಆದರೆ ಆಗ ವಿದೇಶದಲ್ಲಿ ಓದಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಅಂತ ಪದಪಟ್ಟಿ ಬಾಯಿಪಾಠ ಮಾಡುತ್ತಿದ್ದೆ. ಹೊಸ ಪದ ಕಲಿತವರ ಕೈ ಸುಮ್ಮನಿರುತ್ತದಾ? 'ಐ ಹ್ಯಾವ್ ವಿನೋಡ್ ಔಟ್ ಫೈವ್ ಪ್ರೊಫೈಲ್ಸ್' ಎಂದು ಬರೆದು, ಕೆಳಗೆ ಐದು ಹೆಸರು ಹಾಕಿ ಕಳಿಸಿದೆ. ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ಒಳ್ಳೇದು, ಉಳಿದ 35 ಜನರ ಸಂದರ್ಶನ ಯಾವಾಗ ಶುರು ಮಾಡ್ತೀರಿ?

ನಾನು ಕಷ್ಟಪಟ್ಟು ಆರಿಸಿದ ಐದೂ ಜನರನ್ನು ಅವರು ಕಸಕ್ಕೆ ಹಾಕಿದ್ದರು. ತಪ್ಪು ಅವರದ್ದಲ್ಲ. ನಾನು ಬರೆದ ವಾಕ್ಯದ ಅರ್ಥವೇ ಅದು: 'ಐದು ಜನರನ್ನು ತೂರಿ ಆಚೆ ಹಾಕಿದ್ದೇನೆ'.

ಆಮೇಲೆ ಈ ಪದದ ಹಿಂದೆ ಬಿದ್ದೆ. ಬಿದ್ದ ಮೇಲೆ ನಗು ಬಂತು. ಯಾಕಂದ್ರೆ ಇದು ನಮಗೆ ಕಷ್ಟದ ಪದವೇ ಅಲ್ಲ. ರಾಗಿ, ಜೋಳ, ಭತ್ತ ಬೆಳೆಯುವ ಊರಿನ ಯಾರಿಗಾದರೂ ಇದು ಅರ್ಧ ಗೊತ್ತಿರುವ ಪದ. ಇಂಗ್ಲಿಷ್ ಡಿಕ್ಷನರಿ ತೆಗೆದು ಬಾಯಿಪಾಠ ಮಾಡುವ ಬದಲು ಅಜ್ಜಿಯ ಮೊರ ನೆನಪು ಮಾಡಿಕೊಂಡಿದ್ದರೆ ಆ ಮೇಲ್ ತಪ್ಪುತ್ತಿರಲಿಲ್ಲ.

ಮೊದಲು ಉಚ್ಚಾರ. ಸ್ಪೆಲ್ಲಿಂಗ್ ಡಬ್ಲ್ಯೂ, ಐ, ಎರಡು ಎನ್, ಓ, ಕೊನೆಗೆ ಇನ್ನೊಂದು ಡಬ್ಲ್ಯೂ. ಎರಡು ಎನ್ ಇದೆ ಅಂತ 'ವಿನ್ನೌ' ಎಂದು ಒತ್ತಬೇಡಿ. 'ವಿನೋ' ಸಾಕು, ಒತ್ತು 'ವಿ' ಮೇಲೆ. ಕೊನೆಯ ಡಬ್ಲ್ಯೂ 'ನೌ' ಆಗುವುದಿಲ್ಲ, 'ನೋ' ಆಗುತ್ತದೆ, 'ವಿಂಡೋ'ದಲ್ಲಿ ಆಗುವ ಹಾಗೆ. ರೂಪಗಳಲ್ಲಿ ಯಾವ ತಂಟೆಯೂ ಇಲ್ಲ: ವಿನೋಸ್, ವಿನೋಡ್, ವಿನೋಯಿಂಗ್. ಒಂದು ಎಚ್ಚರಿಕೆ ಇದೆ. ಬೆರಳು ಒಂದಿಷ್ಟು ಜಾರಿದರೆ ಇದು 'ವಿಂಡೋ' ಆಗುತ್ತದೆ, 'ವಿಡೋ' ಕೂಡ ಆಗುತ್ತದೆ. ಕಳಿಸುವ ಮುಂಚೆ ಒಮ್ಮೆ ಕಣ್ಣಾಡಿಸಿ.

ಈಗ ಕಣಕ್ಕೆ ಇಳಿಯೋಣ.

ಕಣದಲ್ಲಿ ತೆನೆ ಬಡಿದಾಗಿದೆ, ಇಲ್ಲವೇ ಎತ್ತು ಕಟ್ಟಿ ಹಂತಿ ಹೊಡೆದಾಗಿದೆ. ಮುಂದೆ ಬಿದ್ದಿರುವ ರಾಶಿಯಲ್ಲಿ ಕಾಳೂ ಇದೆ, ಹೊಟ್ಟೂ ಇದೆ, ಜೊಳ್ಳೂ ಇದೆ, ಮುರಿದ ಕಡ್ಡಿಯೂ ಇದೆ. ಕೈಯಿಂದ ಒಂದೊಂದೇ ಆರಿಸಿದರೆ ಆಯಸ್ಸು ಸಾಲುವುದಿಲ್ಲ. ಹಾಗಾಗಿ ಸಂಜೆ ಗಾಳಿ ಏಳುವ ತನಕ ಕಾಯುತ್ತಾರೆ. ಗಾಳಿ ಬಂದ ಕೂಡಲೇ ಒಬ್ಬರು ಎತ್ತರದ ಮೇಲೆ ನಿಂತು, ತಲೆಮಟ್ಟಕ್ಕೆ ಮೊರ ಎತ್ತಿ, ಸಣ್ಣಗೆ ಅಲ್ಲಾಡಿಸುತ್ತಾ ರಾಶಿಯನ್ನು ಕೆಳಗೆ ಸುರಿಯುತ್ತಾರೆ. ಕಾಳು ಭಾರ, ಅದು ನೇರ ಕಾಲ ಬುಡಕ್ಕೆ ಬೀಳುತ್ತದೆ. ಹೊಟ್ಟು ಹಗುರ, ಅದು ಗಾಳಿ ಹೋದ ಕಡೆ ಹಾರಿ ನಾಲ್ಕು ಮಾರು ಆಚೆ ಬೀಳುತ್ತದೆ. ಇದು ತೂರುವುದು.

ಮನೆಯೊಳಗೆ ಇದೇ ಕೆಲಸದ ಸಣ್ಣ ರೂಪ ಕೇರುವುದು. ಕೆಲವು ಕಡೆ ಒನೆಯುವುದು ಅಂತಲೂ ಹೇಳುತ್ತಾರೆ. ಮೊರಕ್ಕೆ ಮೂರು ಕಡೆ ಅಂಚು ಇರುತ್ತದೆ, ಮುಂದಿನ ಕಡೆ ಬಯಲು. ಅಜ್ಜಿ ಕಾಲು ಚಾಚಿ ಕೂತು, ಮೊರವನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕಿಯನ್ನು ಒಂದು ಗೇಣು ಮೇಲಕ್ಕೆ ಹಾರಿಸಿ ಮತ್ತೆ ಹಿಡಿಯುತ್ತಿದ್ದಳು. ಹಾರಿದಾಗ ಒಂದು ಸದ್ದು, ಬಿದ್ದಾಗ ಇನ್ನೊಂದು ಸದ್ದು. ಬೀಳುವ ಹೊತ್ತಿಗೆ ಮೊರವನ್ನು ಒಂಚೂರು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು, ಆ ಎಳೆತದಲ್ಲೇ ಗಾಳಿ ಹುಟ್ಟುತ್ತಿತ್ತು. ತೌಡು, ಹೊಟ್ಟು ಮುಂದಿನ ಬಯಲು ಅಂಚಿಂದ ಹಾರಿ ಹೋಗುತ್ತಿತ್ತು, ಅಕ್ಕಿ ಅವಳ ಹತ್ತಿರದ ಮೂಲೆಗೆ ಸರಿಯುತ್ತಿತ್ತು. ಹಾರದೆ ಉಳಿದ ಹಟಮಾರಿ ಹೊಟ್ಟಿಗೆ ಬಾಯಿಂದಲೇ ಒಂದು 'ಉಫ್'. ಆ ಎಳೆತ ಬಾರದವರು ಕೇರಲು ಹೋದರೆ ಅಕ್ಕಿಯೆಲ್ಲ ಅಂಗಳದ ಪಾಲು. ನಾನು ಪ್ರಯತ್ನಿಸಿ, ಬೈಸಿಕೊಂಡು, ಕೋಳಿಗಳಿಗೆ ಹಬ್ಬ ಮಾಡಿಸಿದ್ದೇನೆ.

ನೋಡಿ, ಅಜ್ಜಿ ಒಂದು ಕಾಳನ್ನೂ ಬೆರಳಿಂದ ಆರಿಸಲಿಲ್ಲ. ಬೇಡದ್ದನ್ನು ಹಾರಿಸಿದಳು, ಬೇಕಾದ್ದು ತಾನೇ ಉಳಿಯಿತು. ವಿನೋ ಎನ್ನುವ ಪದದ ಜೀವ ಇಷ್ಟೇ. ಇಂಗ್ಲಿಷ್‌ನವರಿಗೆ ತೂರುವುದಕ್ಕೂ ಕೇರುವುದಕ್ಕೂ ಸೇರಿ ಇದೊಂದೇ ಪದ. ನಮಗೆ ಎರಡು ಮೂರು ಇವೆ, ನಾವೇ ಶ್ರೀಮಂತರು.

ಪದದ ಹುಟ್ಟು ಕೂಡ ಇದನ್ನೇ ಹೇಳುತ್ತದೆ. ಹಳೆಯ ಇಂಗ್ಲಿಷ್‌ನಲ್ಲಿ ಇದು 'ವಿಂಡ್‌ವಿಯನ್'. ಅದರೊಳಗೆ ಕೂತಿರುವುದು ವಿಂಡ್, ಅಂದ್ರೆ ಗಾಳಿ. ಕಾಲ ಕಳೆದಂತೆ ನಡುವಿನ 'ಡ' ಸವೆದುಹೋಯಿತು. ಅದೇ ಗಾಳಿ 'ವಿಂಡೋ'ದಲ್ಲೂ ಇದೆ. ಹಳೆಯ ನಾರ್ಸ್ ಭಾಷೆಯಲ್ಲಿ ಕಿಟಕಿಗೆ 'ಗಾಳಿಯ ಕಣ್ಣು' ಎಂದು ಹೆಸರು, ಅದೇ ಇಂಗ್ಲಿಷ್‌ಗೆ ಬಂದು ವಿಂಡೋ ಆಯಿತು. ಸಂಸ್ಕೃತದವರು ಕಿಟಕಿಯನ್ನು ವಾತಾಯನ ಎಂದರು, ಅಲ್ಲೂ ಗಾಳಿಯೇ. ಆ 'ವಾತ'ವೂ ಇಂಗ್ಲಿಷಿನ 'ವಿಂಡ್' ಕೂಡ ಒಂದೇ ಹಳೆಯ ಬೇರಿನ ಚಿಗುರುಗಳು.

ಇನ್ನೊಂದು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಿಮ್ಮ ತಲೆಯ ಮೇಲೆ ತಿರುಗುತ್ತಿರುವ ಫ್ಯಾನ್ ಇದೆಯಲ್ಲ, ಆ ಪದಕ್ಕೆ ಮೂಲದಲ್ಲಿ ಮೊರ ಎಂದೇ ಅರ್ಥ. ಲ್ಯಾಟಿನ್‌ನ 'ವನ್ನುಸ್' ಅಂದರೆ ಕಾಳು ಕೇರುವ ಬುಟ್ಟಿ. ಅದು ಇಂಗ್ಲಿಷ್‌ಗೆ ಬಂದು ಫ್ಯಾನ್ ಆಯಿತು. ಬೀಸಣಿಗೆ ಎಂಬ ಅರ್ಥ ಆಮೇಲೆ ಬಂತು, ವಿದ್ಯುತ್ ಫ್ಯಾನ್ ಇನ್ನೂ ಆಮೇಲೆ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಕೈಯಲ್ಲಿ ಫ್ಯಾನ್ ಹಿಡಿದು ಕಣ ಹಸನು ಮಾಡುವ ಮಾತು ಬರುತ್ತದೆ. ಇವತ್ತಿನ ಓದುಗರಿಗೆ ಅದು ವಿಚಿತ್ರ ಅನಿಸಬಹುದು, ಕನ್ನಡ ಬೈಬಲ್ ಓದಿದವರಿಗೆ ಏನೂ ಅನಿಸುವುದಿಲ್ಲ, ಯಾಕಂದ್ರೆ ಅಲ್ಲಿ ನೇರವಾಗಿ ಮೊರ ಎಂದೇ ಇದೆ. ಆಸ್ಪತ್ರೆಯ ವೆಂಟಿಲೇಟರ್ ಕೂಡ ಈ ಕಣದಿಂದ ಎದ್ದು ಹೋದದ್ದೇ. ಅದರ ಲ್ಯಾಟಿನ್ ಮೂಲಕ್ಕೆ ಗಾಳಿ ಬೀಸು, ಕಾಳು ತೂರು ಎಂಬ ಅರ್ಥಗಳಿದ್ದವು. ನಮ್ಮ ಕಡೆ ಮೊರ ಸಂಸ್ಕೃತದಲ್ಲಿ ಶೂರ್ಪವಾಗಿ, ಗಣಪನ ಕಿವಿಗೂ ಶೂರ್ಪಣಖಿಯ ಉಗುರಿಗೂ ಹೋಲಿಕೆಯಾಯಿತು. ಆದರೆ ಆಸ್ಪತ್ರೆಯವರೆಗೆ ಹೋಗಲಿಲ್ಲ.

ಇರಲಿ, ಬಳಕೆಗೆ ಬರೋಣ. ಇವತ್ತಿನ ಇಂಗ್ಲಿಷ್‌ನಲ್ಲಿ ಈ ಪದವನ್ನು ಕಾಳಿನ ಬಗ್ಗೆ ಬಳಸುವವರು ಕಡಿಮೆ. ಪಟ್ಟಿ, ಅರ್ಜಿ, ಅಭ್ಯರ್ಥಿ, ಸುದ್ದಿ, ಪುರಾವೆ, ಹಳೆಯ ಬಟ್ಟೆ, ಹೀಗೆ ಜಾಸ್ತಿ ಇದ್ದು ಕಡಿಮೆ ಆಗಬೇಕಾದ ಎಲ್ಲದಕ್ಕೂ ಬಳಸುತ್ತಾರೆ. ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ರಾಶಿ ಯಾವುದು? ಹೊಟ್ಟು ಯಾವುದು? ಕಾಳು ಯಾವುದು? ಮೂರಕ್ಕೂ ಉತ್ತರ ಸಿಕ್ಕರೆ ಪದ ಸರಿ ಕೂರುತ್ತದೆ. ರಾಶಿಯೇ ಇಲ್ಲದಿದ್ದರೆ ಈ ಪದ ಬೇಡ. ಒಂದೇ ಒಂದು ಪುಸ್ತಕ ಕೊಂಡು 'ಐ ವಿನೋಡ್ ಎ ಬುಕ್' ಎಂದರೆ ಕೇಳಿದವರು ಪುಸ್ತಕವನ್ನು ಹೇಗೆ ತೂರಿದಿರಿ ಅಂತ ಯೋಚಿಸುತ್ತಾರೆ.

ತೊಡಕು ಇರುವುದು ಕರ್ಮಪದದಲ್ಲಿ, ನಾನು ಬಿದ್ದದ್ದೂ ಅಲ್ಲೇ. ವಿನೋ ಆದ ಮೇಲೆ ರಾಶಿಯನ್ನೂ ಹಾಕಬಹುದು, ಹೊಟ್ಟನ್ನೂ ಹಾಕಬಹುದು, ಕಾಳನ್ನೂ ಹಾಕಬಹುದು. ಇದೇನು ಅಧ್ವಾನ ಅನ್ನಬೇಡಿ. ಕನ್ನಡದಲ್ಲಿ ನಾವು ದಿನಾ ಹೀಗೇ ಮಾಡುತ್ತೇವೆ. 'ಅಕ್ಕಿ ಆರಿಸು' ಅಂದರೂ 'ಕಲ್ಲು ಆರಿಸು' ಅಂದರೂ ಅಮ್ಮ ಹೇಳುತ್ತಿರುವ ಕೆಲಸ ಒಂದೇ. ಒಂದರಲ್ಲಿ ಉಳಿಯುವುದರ ಹೆಸರು ಹೇಳುತ್ತೇವೆ, ಇನ್ನೊಂದರಲ್ಲಿ ಹೋಗುವುದರ ಹೆಸರು. ತಟ್ಟೆ ಮುಂದಿರುವುದರಿಂದ ಯಾರಿಗೂ ಗೊಂದಲ ಆಗುವುದಿಲ್ಲ. ಅದೇ 'ಶಾಸಕರನ್ನು ಆರಿಸಿದರು' ಅಂದಾಗ ಅವರು ಅಕ್ಕಿಯೋ ಕಲ್ಲೋ ಎನ್ನುವುದು ಐದು ವರ್ಷ ಆದ ಮೇಲೆ ಗೊತ್ತಾಗುತ್ತದೆ.

ಇಂಗ್ಲಿಷ್‌ನಲ್ಲಿ ತಟ್ಟೆಯ ಕೆಲಸ ಮಾಡುವುದು ಪಕ್ಕದ ಸಣ್ಣ ಪದಗಳು: ಡೌನ್, ಔಟ್, ಫ್ರಮ್, ಥ್ರೂ. ಇವನ್ನು ಹಿಡಿದರೆ ಅರ್ಥ ಕೈಗೆ ಸಿಗುತ್ತದೆ.

ರಾಶಿಯ ಹೆಸರು ಹೇಳುವಾಗ ಡೌನ್ ಬರುತ್ತದೆ, ಎಷ್ಟು ಉಳಿಯಿತು ಅಂತ ಹೇಳಬೇಕಾದರೆ ಅದರ ಹಿಂದೆಯೇ ಟು. 'ದೇ ವಿನೋಡ್ ದ ಲಿಸ್ಟ್ ಡೌನ್ ಟು ಸಿಕ್ಸ್ ನೇಮ್ಸ್.' ಪಟ್ಟಿಯನ್ನು ತೂರಿ ತೂರಿ ಆರು ಹೆಸರಿಗೆ ಇಳಿಸಿದರು. 'ಡೌನ್' ಬಿಟ್ಟು 'ವಿನೋಡ್ ದ ಲಿಸ್ಟ್ ಟು ಸಿಕ್ಸ್' ಅಂದರೂ ನಡೆಯುತ್ತದೆ. ಹೊಸದಾಗಿ ಬಳಸುವವರಿಗೆ ನಾನು ಇದೊಂದನ್ನೇ ಶಿಫಾರಸು ಮಾಡುತ್ತೇನೆ. ಇದರಲ್ಲಿ ತಪ್ಪು ಅರ್ಥ ಬರಲು ಜಾಗವೇ ಇಲ್ಲ.

ಹೊಟ್ಟಿನ ಹೆಸರು ಹೇಳುವಾಗ ಔಟ್. 'ದ ಫಸ್ಟ್ ರೌಂಡ್ ವಿನೋಸ್ ಔಟ್ ದ ವೀಕ್ ಎಂಟ್ರೀಸ್.' ಮೊದಲ ಸುತ್ತಿನಲ್ಲೇ ದುರ್ಬಲ ನಮೂದುಗಳು ಹಾರಿಹೋಗುತ್ತವೆ. ಔಟ್ ಜೊತೆ ಬಂದದ್ದು ಹೊರಗೆ ಹೋಯಿತು ಅಂತಲೇ ಓದುವವರು ಮೊದಲು ಅಂದುಕೊಳ್ಳುತ್ತಾರೆ. ಡಿಕ್ಷನರಿಗಳಲ್ಲಿ 'ಆರಿಸಿ ತೆಗೆ' ಎಂಬ ಅರ್ಥವೂ ಒಂದು ಮೂಲೆಯಲ್ಲಿ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಅದೇ ಮೂಲೆಯನ್ನು ನಂಬಿಕೊಂಡು ನಾನು ಕೆಟ್ಟೆ. ಹಾಗಾಗಿ ಔಟ್ ಬಳಸಿದರೆ ಪಕ್ಕದಲ್ಲಿ ಹೊಟ್ಟನ್ನು ಮಾತ್ರ ಇಡಿ.

ಕಾಳಿನ ಹೆಸರು ಮೊದಲು ಹೇಳಬೇಕಾದರೆ ಫ್ರಮ್ ಬೇಕು. 'ಇಟ್ ಈಸ್ ಹಾರ್ಡ್ ಟು ವಿನೋ ದ ಟ್ರುತ್ ಫ್ರಮ್ ದ ರೂಮರ್ಸ್.' ವದಂತಿಗಳ ನಡುವಿನಿಂದ ನಿಜವನ್ನು ಬೇರೆ ಮಾಡುವುದು ಕಷ್ಟ. ಇಲ್ಲಿ ಬೇಕಾದ್ದು, ಬೇಡದ್ದು ಎರಡೂ ವಾಕ್ಯದಲ್ಲೇ ಇರುವುದರಿಂದ ಗೊಂದಲ ಇಲ್ಲ. ಕಾಳು ಜೊಳ್ಳು ಬೇರ್ಪಡಿಸು ಅಂತ ನಾವು ಹೇಳುತ್ತೇವಲ್ಲ, ಇಂಗ್ಲಿಷ್‌ನವರು ಗೋಧಿ, ಹೊಟ್ಟು ಬೇರೆ ಮಾಡು ಅನ್ನುತ್ತಾರೆ. ಫ್ರಮ್ ಇರುವ ವಾಕ್ಯ ಆ ಗಾದೆಯ ನೆರಳಲ್ಲೇ ಕೂತಿರುತ್ತದೆ.

ಥ್ರೂ ಬಂದರೆ ಗಮನ ಕೆಲಸದ ಮೇಲೆ. 'ಶಿ ಸ್ಪೆಂಟ್ ದ ವೀಕೆಂಡ್ ವಿನೋಯಿಂಗ್ ಥ್ರೂ ಓಲ್ಡ್ ಪೇಪರ್ಸ್.' ವಾರಾಂತ್ಯವೆಲ್ಲ ಹಳೇ ಕಾಗದಪತ್ರ ಕೇರುತ್ತಾ ಕೂತಿದ್ದಳು. ಏನು ಉಳಿಯಿತು, ಏನು ಹೋಯಿತು ಅಂತ ಹೇಳುವ ಗರಜಿಲ್ಲ.

ಇನ್ನು ಗಾಳಿ. ಯಾರು ತೂರಿದರು ಅನ್ನುವ ಜಾಗದಲ್ಲಿ ಮನುಷ್ಯರೇ ಇರಬೇಕಾಗಿಲ್ಲ. ಪರೀಕ್ಷೆ ತೂರಬಹುದು, ಮಾರುಕಟ್ಟೆ ತೂರಬಹುದು, ಕಾಲ ತೂರಬಹುದು. 'ಟೈಮ್ ಹ್ಯಾಸ್ ವಿನೋಡ್ ದ ಪೊಯೆಟ್ಸ್ ಆಫ್ ದಟ್ ಏಜ್' ಅಂದರೆ ಆ ಕಾಲದಲ್ಲಿ ಕವಿಗಳು ಬೇಕಾದಷ್ಟಿದ್ದರು, ಕಾಲದ ಗಾಳಿಗೆ ನಿಂತವರು ನಾಲ್ಕೇ ಜನ. ನನ್ನ ಮಟ್ಟಿಗೆ ಈ ಪದ ಚಂದ ಕಾಣುವುದು ಹೀಗೆ ಬಳಸಿದಾಗಲೇ. ಕೈ ಕಾಣುವುದಿಲ್ಲ, ಗಾಳಿ ಮಾತ್ರ ಇರುತ್ತದೆ.

ಈ ಪದ ಇವತ್ತಿಗೂ ಹಸಿರಾಗಿ ಇರುವ ಒಂದು ಜಾಗ ಅಂದರೆ ಅಮೆರಿಕದ ಚುನಾವಣಾ ವರದಿಗಳು. ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನ ಆಗುವ ಮುಂಚೆ ರಾಜ್ಯ ರಾಜ್ಯಗಳಲ್ಲಿ ಸುತ್ತುಗಳು ನಡೆಯುತ್ತವೆ. 2016ರ ಚುನಾವಣೆಗೆ ರಿಪಬ್ಲಿಕನ್ ಪಕ್ಷದಿಂದ 17 ಜನ ಪ್ರಮುಖರು ಟವೆಲ್ ಹಾಸಿದ್ದರು. ಅಯೋವಾ, ನ್ಯೂ ಹ್ಯಾಂಪ್‌ಶೈರ್‌ನಂಥ ಮೊದಮೊದಲ ರಾಜ್ಯಗಳ ಫಲಿತಾಂಶ ಬರುತ್ತಿದ್ದಂತೆ ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ಉಳಿದದ್ದು ಒಬ್ಬರು. ಇಂಥ ಹೊತ್ತಲ್ಲಿ ಅಲ್ಲಿನ ಪತ್ರಕರ್ತರು 'ವಿನೋ ದ ಫೀಲ್ಡ್' ಎಂದು ಬರೆಯುತ್ತಾರೆ. ಫೀಲ್ಡ್ ಅಂದ ಕೂಡಲೇ ಹೊಲ ಅಂದುಕೊಳ್ಳಬೇಡಿ, ಓಟದ ಪಂದ್ಯದಲ್ಲಿ ನಿಂತಿರುವ ಅಷ್ಟೂ ಕುದುರೆಗಳಿಗೆ, ಅಷ್ಟೂ ಸ್ಪರ್ಧಿಗಳಿಗೆ ಸೇರಿ ಆ ಹೆಸರು. ನಾನು ಮೊದಲ ಸಲ ಓದಿದಾಗ ಹೊಲವನ್ನು ಹೇಗಪ್ಪಾ ತೂರುತ್ತಾರೆ ಅಂತ ತಲೆ ಕೆರೆದುಕೊಂಡಿದ್ದೆ. ಈ ಇಡೀ ಪ್ರಕ್ರಿಯೆಗೆ 'ದ ವಿನೋಯಿಂಗ್' ಅಂತ ನಾಮಪದವನ್ನೂ ಮಾಡಿಕೊಂಡಿದ್ದಾರೆ. ನಮ್ಮ ಯುಪಿಎಸ್‌ಸಿಯ ಪ್ರಿಲಿಮ್ಸ್ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ಲಕ್ಷಗಟ್ಟಲೆ ಜನರ ರಾಶಿ, ಒಂದು ಪರೀಕ್ಷೆಯ ಗಾಳಿ, ಮುಂದಿನ ಸುತ್ತಿಗೆ ಕೆಲವೇ ಸಾವಿರ ಜನ. ಪ್ರಿಲಿಮ್ಸ್ ಅಂಕ ಕೊನೆಯ ರ‍್ಯಾಂಕಿಗೆ ಲೆಕ್ಕಕ್ಕೇ ಬರುವುದಿಲ್ಲ, ಅದು ಇರುವುದು ತೂರುವುದಕ್ಕೆ ಮಾತ್ರ.

ಅದು ಸರಿ, ಮನುಷ್ಯರ ಬಗ್ಗೆ ಬಳಸುವಾಗ ಸ್ವಲ್ಪ ನಾಲಿಗೆ ಹಿಡಿದುಕೊಳ್ಳಿ. ಪದದ ಒಳಗೆ ಹೊಟ್ಟು ಕೂತಿದೆ. ಯಾರನ್ನಾದರೂ 'ವಿನೋಡ್ ಔಟ್' ಅಂದರೆ, ಅವರು ಜೊಳ್ಳು ಅಂತ ಮೆಲ್ಲಗೆ ಹೇಳಿದ ಹಾಗೆ. ಅರ್ಜಿ ತಿರಸ್ಕರಿಸಿದ ಪತ್ರದಲ್ಲಿ, ಕೆಲಸ ಕಳೆದುಕೊಂಡವರಿಗೆ ಬರೆಯುವ ಮೇಲ್‌ನಲ್ಲಿ ಇದು ಬೇಡವೇ ಬೇಡ. ಜನರನ್ನು ಬಿಟ್ಟು ಪಟ್ಟಿಯನ್ನು ತೂರಿ. 'ವಿ ವಿನೋಡ್ ದ ಲಿಸ್ಟ್' ಅಂದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ, ಕೆಲಸವೂ ಆಗುತ್ತದೆ.

ಮಾತಿನಲ್ಲಿ ಇದನ್ನು ಜಾಸ್ತಿ ಹಾಕಬೇಡಿ. ಇದು ಬರವಣಿಗೆಯ ಪದ. ಮೀಟಿಂಗಿನಲ್ಲಿ 'ನ್ಯಾರೋ ಡೌನ್' ಸಾಕು, ಯಾರೂ ತಿರುಗಿ ನೋಡುವುದಿಲ್ಲ. ವರದಿ, ಪ್ರಬಂಧ, ವಿದೇಶದ ಕಾಲೇಜಿಗೆ ಯಾಕೆ ಸೇರಬೇಕು ಅಂತ ವಿವರಿಸುವ ಎಸ್‌ಒಪಿ ಬರೆಯುವಾಗ ಒಂದೇ ಒಂದು ಸಲ ಬಳಸಿದರೆ ಚಂದ. ಎರಡನೇ ಸಲ ಬಂದರೆ ಪದಪಟ್ಟಿ ವಾಸನೆ ಹೊಡೆಯುತ್ತದೆ.

ಹತ್ತಿರದ ಪದಗಳ ಜೊತೆ ಕಲಸಿಕೊಳ್ಳುವವರೂ ಇದ್ದಾರೆ. ಅದಕ್ಕೆ ನನಗೆ ಗೊತ್ತಿರುವ ಸುಲಭ ದಾರಿ ಅಂದರೆ ಮತ್ತೆ ಕಣಕ್ಕೇ ಹೋಗುವುದು. ಇಂಗ್ಲಿಷ್‌ನ ಈ ಜಾತಿಯ ಪದಗಳೆಲ್ಲ ಸುಗ್ಗಿಯ ಕೆಲಸದ ಕ್ರಮದಲ್ಲೇ ನಿಂತಿವೆ. ಕೊಯ್ಯುವುದು ರೀಪ್. ತೆನೆ ಬಡಿಯುವುದು ಥ್ರೆಶ್, ಅದರ ಇನ್ನೊಂದು ರೂಪ ಥ್ರ್ಯಾಶ್. ಒಂದು ವಿಷಯವನ್ನು ಕೂತು ಬಡಿದಾಡಿ ತೀರ್ಮಾನಕ್ಕೆ ತರುವುದಕ್ಕೆ 'ಥ್ರ್ಯಾಶ್ ಔಟ್' ಅನ್ನುವುದು ಇದರಿಂದಲೇ. ಆಮೇಲೆ ತೂರುವ ವಿನೋ. ಆಮೇಲೆ ಜರಡಿ ಹಿಡಿಯುವ ಸಿಫ್ಟ್. ಜರಡಿ ನೋಡುವುದು ಗಾತ್ರ, ಗಾಳಿ ನೋಡುವುದು ತೂಕ. ಹಾಗಾಗಿ ಒಂದೊಂದನ್ನೂ ಸೂಕ್ಷ್ಮವಾಗಿ ನೋಡಿದೆ ಅನ್ನಬೇಕಾದರೆ ಸಿಫ್ಟ್, ರಾಶಿ ಕರಗಿತು ಅನ್ನಬೇಕಾದರೆ ವಿನೋ. ಕೊನೆಗೆ ಕೊಯ್ದ ಹೊಲದಲ್ಲಿ ಬಿದ್ದ ತೆನೆ ಹೆಕ್ಕುವುದು ಗ್ಲೀನ್. ನಮ್ಮಲ್ಲಿ ಅದಕ್ಕೆ ಹಕ್ಕಲಾಯುವುದು ಅನ್ನುವ ಚಂದದ ಮಾತಿದೆ. ಅಲ್ಲೊಂದು ಇಲ್ಲೊಂದು ಮಾಹಿತಿ ಹೆಕ್ಕಿದೆ ಅನ್ನುವಲ್ಲಿ ಇಂಗ್ಲಿಷ್‌ನವರು ಗ್ಲೀನ್ ಬಳಸುತ್ತಾರೆ.

ಕಣದ ಆಚೆಯ ಎರಡು ಮೂರು ಪದ ಕೂಡ ಹೇಳಿಬಿಡುತ್ತೇನೆ. ವಿಟಲ್ ಡೌನ್ ಅಂದರೆ ಚಾಕುವಿನಿಂದ ಕಟ್ಟಿಗೆ ಕೆತ್ತುವ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸುವುದು. ವೀಡ್ ಔಟ್ ಅಂದರೆ ಕಳೆ ಕೀಳುವುದು, ಅಲ್ಲಿ ಬೇಡದ್ದು ಬರೀ ಹಗುರವಲ್ಲ, ಹಾನಿ ಮಾಡುವಂಥದ್ದು. ಕಲ್ ಅಂದರೆ ಹಿಂಡು ದೊಡ್ಡದಾಯಿತು ಅಂತ ಪ್ರಾಣಿಗಳನ್ನು ಕೊಂದು ಇಳಿಸುವುದಕ್ಕೂ ಬಳಸುವ ಪದ, ಆಫೀಸಿನಲ್ಲಿ ಅದರ ಸಹವಾಸ ಬೇಡ.

ಹಳೆಯ ಕಾವ್ಯ ಓದುವವರಿಗೆ ಒಂದು ಮಾತು. ಅಲ್ಲಿ ವಿನೋಗೆ ಬರೀ 'ಬೀಸು' ಎಂಬ ಅರ್ಥವೂ ಇರುತ್ತದೆ, ರೆಕ್ಕೆ ಬಡಿದು ಗಾಳಿ ಸೀಳುವುದು, ಕೂದಲು ಹಾರಿಸುವುದು, ಹೀಗೆ. ಅಲ್ಲಿ ಹೊಟ್ಟು ಹುಡುಕಬೇಡಿ. ಹಕ್ಕಿ ನೋಡುವ ಹವ್ಯಾಸ ಇದ್ದರೆ ಇನ್ನೊಂದು ಬಳಕೆ ಎದುರಾಗುತ್ತದೆ. ಉತ್ತರ ಅಮೆರಿಕದ ಒಂದು ಜಾತಿಯ ಸ್ನೈಪ್ ಹಕ್ಕಿ ಮರಿ ಮಾಡುವ ಕಾಲದಲ್ಲಿ ಮೇಲಿಂದ ಜಾರುತ್ತಾ, ಬಾಲದ ಅಂಚಿನ ಗರಿಗಳ ಮೂಲಕ ಗಾಳಿ ಹಾಯಿಸಿ ಹೂ ಹೂ ಎಂದು ಸದ್ದು ಹೊರಡಿಸುತ್ತದೆ. ಅಲ್ಲಿನವರು ಅದನ್ನು ವಿನೋಯಿಂಗ್ ಅನ್ನುತ್ತಾರೆ.

ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗ ಎಡವುವ ಜಾಗ ಒಂದಿದೆ. 'ಗಾಳಿ ಬಂದಾಗ ತೂರಿಕೋ' ಗಾದೆ. ತೂರು ಇದೆ ಅಂತ ವಿನೋ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಅವರ ಗಾದೆಯಲ್ಲಿ ಬಿಸಿಲಿರುವಾಗ ಹುಲ್ಲು ಒಣಗಿಸಿಕೊಳ್ಳುತ್ತಾರೆ, 'ಮೇಕ್ ಹೇ'. ಮಳೆ ಬಿಡದ ದೇಶದ ರೈತ ಬಿಸಿಲು ಕಾಯುತ್ತಾನೆ, ನಮ್ಮ ರೈತ ಗಾಳಿ ಕಾಯುತ್ತಾನೆ. ಹಾಗೆಯೇ ಪೇಪರಿನಲ್ಲಿ ಬರುವ 'ಕಲ್ಲು ತೂರಾಟ'ಕ್ಕೂ ವಿನೋಗೂ ಸಂಬಂಧ ಇಲ್ಲ. ಅಲ್ಲಿ ತೂರು ಅಂದರೆ ಬರೀ ಎಸೆ. ಇತ್ತ ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವಾಗ 'ಶೋಧಿಸು' ಅಂತ ಹಾಕಿ ಕೈ ತೊಳೆದುಕೊಳ್ಳುವವರನ್ನು ನೋಡಿದ್ದೇನೆ. ಅದರಲ್ಲಿ ಹುಡುಕಾಟ ಇದೆ, ಹಾರಿಹೋಗುವುದು ಇಲ್ಲ. 'ಜೊಳ್ಳು ತೂರಿ', 'ಕೇರಿ ತೆಗೆದು', ಇಲ್ಲವೇ ಸರಳವಾಗಿ 'ಇಳಿಸಿ' ಅಂದರೆ ಓದುವವರಿಗೆ ಚಿತ್ರ ಸಿಗುತ್ತದೆ.

ಕೆಲವರು ಕೇಳಬಹುದು, ಈಗ ಯಾರು ತೂರುತ್ತಾರೆ, ಎಲ್ಲ ಮಷಿನ್ ಅಲ್ವಾ ಅಂತ. ಹೌದು. ಎಷ್ಟೋ ಊರಲ್ಲಿ ಈಗ ಡಾಂಬರು ರಸ್ತೆಯೇ ಕಣ, ಬಸ್ಸು ಕಾರುಗಳೇ ಹಂತಿ ಎತ್ತು. ಕಂಬೈನ್ ಹಾರ್ವೆಸ್ಟರ್ ಬಂದರೆ ಕೊಯ್ಲು, ಬಡಿತ, ತೂರುವುದು ಎಲ್ಲ ಅದರ ಹೊಟ್ಟೆಯೊಳಗೇ ಮುಗಿದುಹೋಗುತ್ತದೆ. ಆದರೆ ಅದರ ಹೊಟ್ಟೆಯಲ್ಲೂ ಒಂದು ಫ್ಯಾನ್ ತಿರುಗುತ್ತಿರುತ್ತದೆ, ಅದರ ಗಾಳಿಗೇ ಹೊಟ್ಟು ಹಿಂದಿನಿಂದ ಹಾರಿ ಬೀಳುತ್ತದೆ. ಇಂಥ ಗಾಳಿ ಯಂತ್ರ 1700ರ ದಶಕಗಳಲ್ಲಿ ಸ್ಕಾಟ್ಲೆಂಡ್‌ಗೆ ಬಂದಾಗ ಅಲ್ಲಿನ ಕೆಲವು ಪಾದ್ರಿಗಳು ಸಿಟ್ಟಾಗಿದ್ದರಂತೆ. ಗಾಳಿ ಕಳಿಸುವುದು ದೇವರ ಕೆಲಸ, ಮನುಷ್ಯ ಹಿಡಿ ತಿರುಗಿಸಿ ಗಾಳಿ ಮಾಡಿಕೊಳ್ಳುವುದು ಪಾಪ ಅನ್ನುವುದು ಅವರ ವಾದ. ಅಜ್ಜಿಯ 'ಉಫ್' ಬಗ್ಗೆ ಅವರು ಏನು ಹೇಳುತ್ತಿದ್ದರೋ!

ಈಗ ನಿಮ್ಮ ಸರದಿ. ಕೆಳಗಿನ ಮಾತುಗಳನ್ನು ಮನಸ್ಸಲ್ಲೇ ಇಂಗ್ಲಿಷ್ ಮಾಡಿ, ಆಮೇಲೆ ನನ್ನದನ್ನು ನೋಡಿ.

'ಮದುವೆಗೆ ಕರೆಯುವವರ ಪಟ್ಟಿ 800 ಇತ್ತು, ಹೇಗೋ 300ಕ್ಕೆ ಇಳಿಸಿದೆವು.' ರಾಶಿ ಪಟ್ಟಿ, ಆದ್ದರಿಂದ ಡೌನ್ ಟು: 'ವಿ ಸಮ್‌ಹೌ ವಿನೋಡ್ ದ ಗೆಸ್ಟ್ ಲಿಸ್ಟ್ ಡೌನ್ ಟು ತ್ರೀ ಹಂಡ್ರೆಡ್.' ಯಾವ ಚಿಕ್ಕಪ್ಪ ಹೊಟ್ಟಾದರು ಅಂತ ಮಾತ್ರ ಬರೆಯಬೇಡಿ.

'ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುಳ್ಳುಗಳನ್ನು ತೆಗೆದುಹಾಕಲು ಯಾರಿಗೂ ಪುರುಸೊತ್ತಿಲ್ಲ.' ಇಲ್ಲಿ ಹೆಸರು ಹೇಳುತ್ತಿರುವುದು ಹೊಟ್ಟಿನದು, ಆದ್ದರಿಂದ ಔಟ್: 'ನೋ ಒನ್ ಹ್ಯಾಸ್ ದ ಟೈಮ್ ಟು ವಿನೋ ಔಟ್ ದ ಲೈಸ್.'

'ಅಂಗಡಿಯಲ್ಲಿ ಒಂದು ಸೀರೆ ಆರಿಸಿದೆ.' ಇದಕ್ಕೆ ವಿನೋ ಬೇಡ. ಅಂಗಡಿಯ ಸೀರೆಗಳು ಹೊಟ್ಟಲ್ಲ, ನೀವು ಹಾರಿಸಿದ್ದೂ ಇಲ್ಲ. ಚೂಸ್, ಪಿಕ್, ಯಾವುದಾದರೂ ಹಾಕಿ. ಹಾಂ, 40 ಸೀರೆ ಬಿಚ್ಚಿಸಿ ಒಂದೊಂದನ್ನೇ ಬೇಡ ಬೇಡ ಅಂತ ಸರಿಸಿ ಮೂರಕ್ಕೆ ತಂದು ನಿಲ್ಲಿಸಿದ್ದರೆ, ಆ ಮೂರರವರೆಗಿನ ಕೆಲಸ ವಿನೋ. ಕೊನೆಯ ಒಂದನ್ನು ಎತ್ತಿಕೊಂಡದ್ದು ಚೂಸ್.

ಕೊನೆಯದು ನನ್ನ ಹಳೆಯ ಮೇಲ್. '40 ಅರ್ಜಿ ಓದಿ 5 ಜನರನ್ನು ಆರಿಸಿದ್ದೇನೆ, ಹೆಸರು ಕೆಳಗಿದೆ.' ಅವತ್ತು ಮಧ್ಯಾಹ್ನವೇ ತಿದ್ದಿ ಮತ್ತೆ ಕಳಿಸಿದೆ: 'ಐ ಹ್ಯಾವ್ ವಿನೋಡ್ ದ ಫಾರ್ಟಿ ಅಪ್ಲಿಕೇಷನ್ಸ್ ಡೌನ್ ಟು ಫೈವ್. ದ ಫೈವ್ ಟು ಇಂಟರ್‌ವ್ಯೂ ಆರ್ ಬಿಲೋ.' ಎರಡನೇ ವಾಕ್ಯ ವ್ಯಾಕರಣಕ್ಕೆ ಬೇಕಾಗಿರಲಿಲ್ಲ. ಹೆದರಿಕೆಗೆ ಹಾಕಿದೆ.